ಸಂಘಕ್ಕೆ ಆ್ಯಪ್ ಬೇಕೇ, ವೆಬ್ ಪುಟ ಸಾಕೇ?



ಇತ್ತೀಚೆಗೆ ಹಾಲು ಉತ್ಪಾದಕರ ಸಹಕಾರ ಸಂಘಗಳ ಆಡಳಿತ ಮಂಡಳಿ ಸಭೆಗಳಲ್ಲಿ ಒಂದು ವಿಷಯ ಪದೇ ಪದೇ ಚರ್ಚೆಗೆ ಬರುತ್ತಿದೆ. "ನಮ್ಮ ಸಂಘಕ್ಕೂ ಒಂದು ಆ್ಯಪ್ ಮಾಡಿಸಬೇಕು" ಎಂಬುದೇ ಆ ವಿಷಯ. ಪಟ್ಟಣದಿಂದ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಹಾಲಿನ ಲೆಕ್ಕ, ಬಟವಾಡೆ, ಪಶು ಆಹಾರದ ಬಾಕಿ ಎಲ್ಲವನ್ನೂ ಬಣ್ಣ ಬಣ್ಣದ ಪರದೆಯಲ್ಲಿ ತೋರಿಸುತ್ತಾರೆ. ಚಹಾ ಕುಡಿದು, ದರಪತ್ರ ಕೊಟ್ಟು ಹೋಗುತ್ತಾರೆ. ಯುವ ನಿರ್ದೇಶಕರಿಗೆ ಉತ್ಸಾಹ, ಹಿರಿಯರಿಗೆ ಅನುಮಾನ. ಕಾರ್ಯದರ್ಶಿಗಳಿಗೆ ಯಾರ ಕಡೆ ಮಾತನಾಡಬೇಕೆಂದು ತೋಚುವುದಿಲ್ಲ.

ಆ ದರಪತ್ರವನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಎರಡು ಬಾಬುಗಳಿರುತ್ತವೆ. ಒಂದು ಮೊಬೈಲ್ ಆ್ಯಪ್, ಇನ್ನೊಂದು ವೆಬ್ ಆ್ಯಪ್. ಎರಡರ ಬೆಲೆಯೂ ಬೇರೆ, ಮುಂದಿನ ವರ್ಷಗಳ ಖರ್ಚೂ ಬೇರೆ. ಈ ವ್ಯತ್ಯಾಸ ತಿಳಿಯದೆ ನಿರ್ಣಯ ಬರೆದು ಸಹಿ ಹಾಕಿದರೆ ಹೋಗುವುದು ಸದಸ್ಯರಿಗೆ ವರ್ಷದ ಕೊನೆಗೆ ಬೋನಸ್ ಆಗಿ ಸೇರಬಹುದಾಗಿದ್ದ ಹಣ. ಆದಕಾರಣ ಈ ಲೇಖನದಲ್ಲಿ ಎರಡರ ಸ್ವರೂಪವನ್ನೂ, ಯಾವ ಕೆಲಸಕ್ಕೆ ಯಾವುದು ತಕ್ಕದ್ದು ಎಂಬುದನ್ನೂ ತಿಳಿಸಲು ಪ್ರಯತ್ನಿಸಲಾಗಿದೆ. ಕಂಪ್ಯೂಟರ್ ಬಲ್ಲ ನಿಮ್ಮ ಮಕ್ಕಳಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಆದರೆ ಸಭೆಯಲ್ಲಿ ಕೈ ಎತ್ತಬೇಕಾದವರು ನೀವು.

ಬೀಸುವ ಕಲ್ಲು ಮತ್ತು ಹಿಟ್ಟಿನ ಗಿರಣಿ

ಮೊಬೈಲ್ ಆ್ಯಪ್ ಎಂದರೆ ಫೋನಿನೊಳಗೇ ತಂದು ಕೂರಿಸಿಕೊಳ್ಳುವ ಒಂದು ತಂತ್ರಾಂಶ. ಆಂಡ್ರಾಯ್ಡ್ ಫೋನಿನವರು ಅದನ್ನು ಗೂಗಲ್ ಪ್ಲೇ ಸ್ಟೋರ್‌ನಿಂದ, ಐಫೋನಿನವರು ಆಪಲ್ ಕಂಪನಿಯ ಆ್ಯಪ್ ಸ್ಟೋರ್‌ನಿಂದ ಇಳಿಸಿಕೊಳ್ಳುತ್ತಾರೆ. ಅದು ಫೋನಿನ ಮೆಮೊರಿಯಲ್ಲಿ ಜಾಗ ಹಿಡಿಯುತ್ತದೆ. ಪರದೆಯ ಮೇಲೆ ಅದರ ಗುರುತು ಕೂರುತ್ತದೆ. ವೆಬ್ ಆ್ಯಪ್‌ಗೆ ಹೀಗೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಫೋನಿನಲ್ಲಿ ಮೊದಲೇ ಇರುವ ಕ್ರೋಮ್‌ನಂತಹ ಬ್ರೌಸರ್ ತೆರೆದು ವಿಳಾಸ ಬರೆದರೆ, ಅಥವಾ ಡೈರಿಯ ಗೋಡೆಗೆ ಅಂಟಿಸಿದ ಕ್ಯೂ.ಆರ್. ಕೋಡಿಗೆ ಫೋನ್ ಹಿಡಿದರೆ ಪುಟ ತೆರೆದುಕೊಳ್ಳುತ್ತದೆ. ನಿಮ್ಮ ಕೋಡ್ ನಂಬರ್ ಒತ್ತಿದರೆ ನಿಮ್ಮ ಲೆಕ್ಕ ಬರುತ್ತದೆ. ಕಂಪ್ಯೂಟರಿನಲ್ಲಾದರೂ ಅದೇ ಪುಟ, ಮಗಳ ಫೋನಿನಲ್ಲಾದರೂ ಅದೇ ಪುಟ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಬೇಕು. ಆ್ಯಪ್ ಇದ್ದರೆ ಸಂಘದ ಲೆಕ್ಕವೆಲ್ಲ ಫೋನಿನೊಳಗೇ ಇರುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಎರಡರಲ್ಲೂ ಮೂಲ ಲೆಕ್ಕ ಇರುವುದು ದೂರದ ಒಂದು ಕಂಪ್ಯೂಟರಿನಲ್ಲಿ. ಅದಕ್ಕೆ ಸರ್ವರ್ ಎನ್ನುತ್ತಾರೆ. ಆ್ಯಪ್ ಕೂಡ ಅಲ್ಲಿಂದಲೇ ಕೇಳಿ ತಂದು ತೋರಿಸುತ್ತದೆ. ಬೇರೆಯಾಗಿರುವುದು ತೋರಿಸುವ ಯಂತ್ರ ಎಲ್ಲಿದೆ ಎಂಬುದಷ್ಟೇ.

ಹಿಂದೆ ಮನೆ ಮನೆಯಲ್ಲೂ ಬೀಸುವ ಕಲ್ಲು ಇತ್ತು. ಹೊತ್ತುಗೊತ್ತು ನೋಡದೆ ಕೈಗೆ ಸಿಗುತ್ತಿತ್ತು, ಮಳೆ ಬಂದು ದಾರಿ ಕಟ್ಟಿದರೂ ಹಿಟ್ಟಿಗೆ ತೊಂದರೆ ಇರಲಿಲ್ಲ. ಆದರೆ ಅದು ಮನೆಯಲ್ಲಿ ಜಾಗ ಹಿಡಿಯುತ್ತಿತ್ತು, ಸವೆದಾಗ ಪ್ರತಿ ಮನೆಯವರೂ ಕಲ್ಲುಕುಟಿಗನನ್ನು ಕರೆಸಬೇಕಾಗಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಗಿರಣಿಯವನು ಒಮ್ಮೆ ಕಲ್ಲು ಬದಲಿಸಿದರೆ ಊರಿಗೆಲ್ಲ ನುಣುಪು ಹಿಟ್ಟು. ಆದರೆ ಕರೆಂಟು ಹೋದರೆ ಎಲ್ಲರೂ ಕಾಯಬೇಕು. ಆ್ಯಪ್ ಬೀಸುವ ಕಲ್ಲಿನಂತೆ, ವೆಬ್ ಆ್ಯಪ್ ಗಿರಣಿಯಂತೆ ಎಂದು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ.

ಇವೆರಡರ ನಡುವಿನ ಒಂದು ತಳಿಯೂ ಇದೆ. 2015ರಿಂದ ಇದಕ್ಕೆ ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂಬ ಹೆಸರು ಬಳಕೆಗೆ ಬಂದಿದೆ. ವೆಬ್ ಪುಟವನ್ನೇ ಪರದೆಯ ಮೇಲೆ ಗುರುತಾಗಿ ಕೂರಿಸಿಕೊಳ್ಳಬಹುದು, ಕಳೆದ ಸಲ ನೋಡಿದ ಲೆಕ್ಕವನ್ನು ಸಿಗ್ನಲ್ ಇಲ್ಲದಾಗಲೂ ನೋಡಬಹುದು, "ಬಟವಾಡೆ ಜಮಾ ಆಗಿದೆ" ಎಂಬಂತಹ ಸೂಚನೆಯನ್ನೂ ಪಡೆಯಬಹುದು. ಐಫೋನಿನಲ್ಲಿ ಇಂತಹ ಸೂಚನೆಗೆ 2023ರವರೆಗೂ ಅವಕಾಶವಿರಲಿಲ್ಲ, ಈಗ ಇದೆ. ದರಪತ್ರ ತಂದವರು ಇದರ ಮಾತೇ ಎತ್ತದಿದ್ದರೆ ನೀವಾಗಿಯೇ ಕೇಳಿರಿ.

ಒಂದು ಸಂಘದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದೆ ನಾನು ಹತ್ತಿರದಿಂದ ಕಂಡ ಸಂಗತಿಯೊಂದನ್ನು ಹೇಳುತ್ತೇನೆ. ಸಂಘದ ಹೆಸರು ಬೇಡ. ಉತ್ಸಾಹದಿಂದ ಆ್ಯಪ್ ಮಾಡಿಸಿದರು, ಯುಗಾದಿಯ ದಿನ ಉದ್ಘಾಟನೆಯೂ ಆಯಿತು. ಅರ್ಧದಷ್ಟು ಸದಸ್ಯರು ಇಳಿಸಿಕೊಂಡರು. ಎಲ್ಲವೂ ಸರಿಯಾಗಿಯೇ ನಡೆಯಿತು, ಹಾಲಿನ ದರ ಬದಲಾಗುವವರೆಗೆ.

ಹಾಲು ಹೆಚ್ಚಾಗುವ ಕಾಲದಲ್ಲಿ ದರ ಲೀಟರಿಗೆ 1 ರೂಪಾಯಿ ಇಳಿಯಿತು. ಸಂಘದ ಕಂಪ್ಯೂಟರಿನಲ್ಲಿ ಹೊಸ ದರಪಟ್ಟಿ ಹಾಕಿದರು. ಆದರೆ ಆ ಆ್ಯಪ್ ಮಾಡಿದವರು ದರಪಟ್ಟಿಯನ್ನು ಆ್ಯಪಿನೊಳಗೇ ಅಡಗಿಸಿಟ್ಟಿದ್ದರು. ಲೀಟರು, ಜಿಡ್ಡಿನಂಶ, ಜಿಡ್ಡೇತರ ಘನಾಂಶ ಮಾತ್ರ ಸರ್ವರಿನಿಂದ ಬರುತ್ತಿತ್ತು. ಮೊಬಲಗನ್ನು ಫೋನೇ ಗುಣಿಸಿ ತೋರಿಸುತ್ತಿತ್ತು. ಹೊಸ ದರದ ಆ್ಯಪ್ ಅಂಗಡಿಗೆ ಬಂತು, ಆದರೆ ಎಲ್ಲರೂ ಅದನ್ನು ನವೀಕರಿಸಿಕೊಳ್ಳಲಿಲ್ಲ. ಕೆಲವರ ಫೋನಿನಲ್ಲಿ ಜಾಗವಿರಲಿಲ್ಲ, ಕೆಲವರಿಗೆ ಹಾಗೆ ಮಾಡಬೇಕೆಂದೇ ಗೊತ್ತಿರಲಿಲ್ಲ. ದಿನಕ್ಕೆ 12 ಲೀಟರ್ ಹಾಕುವವರ ಫೋನು 15 ದಿನಕ್ಕೆ 180 ರೂಪಾಯಿ ಹೆಚ್ಚು ತೋರಿಸಿತು. ಬಟವಾಡೆಯ ದಿನ ಕೈಗೆ ಬಂದದ್ದು ಕಡಿಮೆ. ಪಕ್ಕದ ಮನೆಯವರ ಫೋನು ಸರಿಯಾದ ಮೊತ್ತ ತೋರಿಸುತ್ತಿದ್ದುದರಿಂದ ಅನುಮಾನ ಇನ್ನೂ ಬಲವಾಯಿತು. ಕಾರ್ಯದರ್ಶಿ ಒಬ್ಬರಿಗೊಂದು ಒಬ್ಬರಿಗೊಂದು ಮಾಡುತ್ತಿದ್ದಾರೆ ಎಂಬ ಮಾತು ಹಬ್ಬಿತು. ಇಪ್ಪತ್ತು ವರ್ಷ ಒಂದು ಪೈಸೆ ಅತ್ತಿತ್ತ ಮಾಡದೆ ಲೆಕ್ಕ ಬರೆದಿದ್ದ ಮನುಷ್ಯ, ಡೈರಿಯ ಕಿಟಕಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದನ್ನು ನಾನು ನೋಡಿದ್ದೇನೆ. ವಿಸ್ತರಣಾಧಿಕಾರಿಗಳು ಬಂದು ಚೀಟಿಗಳನ್ನು ತಾಳೆ ನೋಡಿ ಸತ್ಯ ತಿಳಿಸುವ ಹೊತ್ತಿಗೆ ಆರೇಳು ಸದಸ್ಯರು ಖಾಸಗಿಯವರಿಗೆ ಹಾಲು ಹಾಕಲು ಆರಂಭಿಸಿದ್ದರು.

ಇದೇ ಲೆಕ್ಕ ವೆಬ್ ಪುಟದಲ್ಲಿದ್ದಿದ್ದರೆ ಈ ಜಗಳ ಹುಟ್ಟುತ್ತಿರಲಿಲ್ಲ. ಗಿರಣಿಯ ಕಲ್ಲು ಒಂದೇ. ಬದಲಿಸಿದ ಕ್ಷಣದಿಂದ ಎಲ್ಲರಿಗೂ ಅದೇ. ಆ್ಯಪ್ ಇಟ್ಟುಕೊಳ್ಳಬಾರದೆಂದು ಇದರ ಅರ್ಥವಲ್ಲ. ಆ್ಯಪ್ ಮಾಡಿಸುವುದೇ ಆದರೆ ದರ, ಕಡಿತ, ಮೊಬಲಗು ಇವೆಲ್ಲವನ್ನೂ ಸರ್ವರಿನಲ್ಲೇ ಲೆಕ್ಕ ಹಾಕಿ, ಫೋನು ಬರೇ ತೋರಿಸುವಂತಿರಬೇಕು. ಈ ಒಂದು ಸಾಲನ್ನು ಕರಾರಿನಲ್ಲಿ ಬರೆಸಿಕೊಳ್ಳಿರಿ.

ದೊಡ್ಡವರೂ ಎಡವಿದ್ದಾರೆ

ಇಂತಹ ಆಯ್ಕೆಯಲ್ಲಿ ಗೊಂದಲವಾಗುವುದು ಹಳ್ಳಿಯ ಸಂಘಗಳಿಗೆ ಮಾತ್ರವಲ್ಲ. ಬೆಂಗಳೂರಿನ ಮಿಂತ್ರಾ ಕಂಪನಿ ಬಟ್ಟೆಬರೆಗಳನ್ನು ಇಂಟರ್‌ನೆಟ್ ಮೂಲಕ ಮಾರುತ್ತದೆ. 2015ರ ಮೇ ತಿಂಗಳಲ್ಲಿ ಅದು ತನ್ನ ಜಾಲತಾಣವನ್ನು ಮುಚ್ಚಿ, ಇನ್ನು ಮುಂದೆ ಆ್ಯಪಿನಲ್ಲಿ ಮಾತ್ರ ವ್ಯಾಪಾರ ಎಂದು ಸಾರಿತು. ಒಂದು ವರ್ಷ ತುಂಬುವ ಮೊದಲೇ, 2016ರ ಫೆಬ್ರವರಿಯಲ್ಲಿ, ಮೊಬೈಲ್ ಜಾಲತಾಣವನ್ನು ಮತ್ತೆ ತೆರೆಯಿತು. ಜೂನ್‌ನಲ್ಲಿ ಕಂಪ್ಯೂಟರಿನ ಜಾಲತಾಣವೂ ಹಿಂದಿರುಗಿತು. ಅದರ ಒಡೆತನ ಹೊಂದಿದ್ದ ಫ್ಲಿಪ್‌ಕಾರ್ಟ್ ಕೂಡ 2015ರ ಆರಂಭದಲ್ಲಿ ಮೊಬೈಲ್ ಜಾಲತಾಣ ನಿಲ್ಲಿಸಿ ಗ್ರಾಹಕರನ್ನು ಆ್ಯಪಿನ ಕಡೆಗೆ ಕಳುಹಿಸಿತ್ತು. ಅದೇ ವರ್ಷ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೆಸರಿನಲ್ಲಿ, ನಾನು ಮೇಲೆ ಹೇಳಿದ ನಡುವಿನ ತಳಿಯ ವೆಬ್ ಆ್ಯಪನ್ನು ತಂದಿತು. ನೆಟ್‌ವರ್ಕ್ ನಿಧಾನವಿರುವ, ಫೋನಿನಲ್ಲಿ ಜಾಗ ಕಡಿಮೆ ಇರುವ ಗ್ರಾಹಕರಿಗಾಗಿ ಅದನ್ನು ರೂಪಿಸಿದ್ದರು.

ವರ್ಷಕ್ಕೆ ಎರಡು ಸಲ ಬಟ್ಟೆ ಕೊಳ್ಳುವವನು ಆ ಅಂಗಡಿಯನ್ನು ಜೇಬಿನಲ್ಲಿ ಹೊತ್ತು ತಿರುಗಲು ಒಪ್ಪುವುದಿಲ್ಲ. ಪರದೆಯ ಮೇಲೆ ಜಾಗ ಸಿಗುವುದು ದಿನಾಲೂ ಬೇಕಾಗುವ ಕೆಲವಕ್ಕೆ ಮಾತ್ರ. ನಿಮ್ಮ ಫೋನನ್ನೇ ತೆರೆದು, ಕಳೆದ ತಿಂಗಳು ಒಮ್ಮೆಯೂ ಮುಟ್ಟದ ಆ್ಯಪ್ ಎಷ್ಟಿವೆ ಎಂದು ಎಣಿಸಿ ನೋಡಬಹುದು.

ನಮ್ಮ ರಾಜ್ಯದಲ್ಲೇ ರೈತರೆಲ್ಲರಿಗೂ ಪರಿಚಯವಿರುವ ಎರಡು ಉದಾಹರಣೆಗಳಿವೆ. ಪಹಣಿ ನೋಡಬೇಕೆಂದರೆ ಭೂಮಿ ಜಾಲತಾಣ ತೆರೆದು ಸರ್ವೆ ನಂಬರ್ ಹಾಕಿ ನೋಡುತ್ತೇವೆ. ಯಾವಾಗಲೋ ಒಮ್ಮೆ ಬೇಕಾಗುವ ಕಾಗದ, ಅದಕ್ಕೆ ವೆಬ್ ಪುಟ ಸಾಕು. ಆದರೆ 2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯನ್ನು ರೈತರೇ ಮಾಡುವಂತೆ ಸರ್ಕಾರ ವ್ಯವಸ್ಥೆ ಮಾಡಿದಾಗ ಕೊಟ್ಟದ್ದು ಮೊಬೈಲ್ ಆ್ಯಪ್. ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆಯಬೇಕು, ನಿಂತ ಜಾಗ ಅದೇ ಸರ್ವೆ ನಂಬರೇ ಎಂದು ಫೋನು ಗುರುತಿಸಬೇಕು. ಕ್ಯಾಮರಾ, ಸ್ಥಳದ ಗುರುತು ಇವನ್ನೆಲ್ಲ ಹೊಲದ ಮಧ್ಯದಲ್ಲಿ ಒಟ್ಟಿಗೆ ದುಡಿಸಿಕೊಳ್ಳಬೇಕಾದ ಕೆಲಸವದು. ನೋಡುವುದಕ್ಕೆ ಪುಟ, ದುಡಿಯುವುದಕ್ಕೆ ಆ್ಯಪ್ ಎಂದು ಒರಟಾಗಿ ಹೇಳಬಹುದು. ಈ ಅಳತೆಗೋಲನ್ನು ಹಿಡಿದುಕೊಂಡು ಈಗ ಡೈರಿಯ ಬಾಗಿಲಿಗೆ ಬರೋಣ.

ಡೈರಿಯಲ್ಲಿ ಯಾರಿಗೆ ಏನು ಬೇಕು?

ಹಾಲು ಹಾಕುವ ಸದಸ್ಯರಿಗೆ ಬೇಕಾದದ್ದು ಬಹಳ ಸ್ವಲ್ಪ. ಈ ಹೊತ್ತು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ಎಷ್ಟು ರೂಪಾಯಿ. ಬಟವಾಡೆಯ ದಿನ ಪಶು ಆಹಾರಕ್ಕೆ, ವಿಮೆಗೆ ಎಷ್ಟು ಹಿಡಿದರು, ಕೈಗೆ ಎಷ್ಟು. ಯಂತ್ರದಿಂದ ಬರುವ ಮುದ್ರಿತ ಚೀಟಿಯಲ್ಲಿ ಇದರ ಬಹುಭಾಗ ಈಗಾಗಲೇ ಇದೆ. ಚೀಟಿ ಒದ್ದೆಯಾಗುತ್ತದೆ, ಅಕ್ಷರ ಅಳಿಸಿಹೋಗುತ್ತದೆ ಎಂಬುದೊಂದೇ ತೊಂದರೆ. ಹಳೆಯ ಲೆಕ್ಕ ನೋಡಲು, ಬ್ಯಾಂಕಿನಲ್ಲಿ ಹಸು ಸಾಲ ಕೇಳುವಾಗ ಆರು ತಿಂಗಳ ಹಾಲಿನ ಪಟ್ಟಿ ತೋರಿಸಲು ಒಂದು ವೆಬ್ ಪುಟ ಬಹಳ ಅನುಕೂಲ. ಪಟ್ಟಿಯನ್ನು ಸೈಬರ್ ಅಂಗಡಿಯಲ್ಲಿ ತೆರೆದು ಮುದ್ರಿಸಿಕೊಳ್ಳಬಹುದು.

ಆದರೆ ಎಷ್ಟು ಸದಸ್ಯರ ಕೈಯಲ್ಲಿ ಯಾವ ಫೋನಿದೆ? ಇದನ್ನು ಸಭೆಯಲ್ಲಿ ಊಹಿಸಿ ಹೇಳಬೇಡಿರಿ. ಒಂದು ವಾರ ಎರಡೂ ಹೊತ್ತು ಸಾಲಿನ ಪಕ್ಕ ಒಬ್ಬರು ನೋಟ್‌ಬುಕ್ ಹಿಡಿದು ನಿಲ್ಲಲಿ. ಬಟನ್ ಫೋನ್, ಟಚ್ ಫೋನ್, ಮನೆಯಲ್ಲಿ ಮಗನ ಹತ್ತಿರ ಮಾತ್ರ ಇದೆ, ಫೋನೇ ಇಲ್ಲ ಎಂದು ನಾಲ್ಕು ಕಲಮು ಹಾಕಿ ಬರೆದುಕೊಳ್ಳಲಿ. ಡೈರಿಗೆ ಹಾಲು ತರುವವರು ಬಹುಪಾಲು ಹೆಣ್ಣುಮಕ್ಕಳು. ಸಭೆಗೆ ಬರುವವರು ಅವರ ಮನೆಯ ಗಂಡಸರು. ಟಚ್ ಫೋನ್ ಸಭೆಗೆ ಬರುವವರ ಜೇಬಿನಲ್ಲಿರುತ್ತದೆ, ಹಾಲಿನ ಕ್ಯಾನು ಹಿಡಿದವರ ಹತ್ತಿರ ಬಟನ್ ಫೋನು ಇರುತ್ತದೆ. ಆ್ಯಪಿನ ಪರವಾಗಿ ಎದ್ದ ಕೈಗಳನ್ನು ಎಣಿಸುವಾಗ ಇದು ನೆನಪಿರಲಿ.

ಬಟನ್ ಫೋನಿಗೆ ಆ್ಯಪೂ ಇಲ್ಲ, ವೆಬ್ ಪುಟವೂ ಸರಿಯಾಗಿ ಕಾಣದು. ಅವರಿಗೆ ಎಸ್.ಎಂ.ಎಸ್. ಸಂದೇಶವೇ ದಾರಿ. ಇದರಲ್ಲೂ ಸ್ವಲ್ಪ ಲೆಕ್ಕವಿದೆ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಾದರೆ 70 ಮಾತ್ರ. ಅದೂ ಗುಣಿತಾಕ್ಷರದ ಚಿಹ್ನೆಗಳನ್ನು ಬೇರೆಯಾಗಿ ಎಣಿಸುತ್ತಾರೆ. ನಮಗೆ ಎರಡು ಅಕ್ಷರವಾಗಿ ಕಾಣುವ 'ಹಾಲು' ಯಂತ್ರದ ಲೆಕ್ಕದಲ್ಲಿ ನಾಲ್ಕು. 70 ದಾಟಿದರೆ ಎರಡು ಸಂದೇಶದ ಹಣ. ಆದ್ದರಿಂದ ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ರೂಪಾಯಿ ಇಷ್ಟನ್ನೇ ಚುಟುಕಾಗಿ ಕನ್ನಡದಲ್ಲಿ ಬರೆಸಿರಿ. ಉಳಿತಾಯಕ್ಕೆಂದು ಇಂಗ್ಲಿಷಿಗೆ ತಿರುಗಿಸಬೇಡಿರಿ, ಓದಲಾರದ ಸಂದೇಶ ಎಷ್ಟು ಅಗ್ಗವಾದರೂ ದುಬಾರಿಯೇ. ಸಂಸ್ಥೆಗಳು ಕಳುಹಿಸುವ ಇಂತಹ ಸಂದೇಶದ ಶೀರ್ಷಿಕೆಯನ್ನೂ ನಮೂನೆಯನ್ನೂ ಟ್ರಾಯ್ 2018ರ ನಿಯಮಾವಳಿಯಂತೆ ಮೊದಲೇ ನೋಂದಾಯಿಸಬೇಕಾಗುತ್ತದೆ. ಈ ಕೆಲಸ ದರಪತ್ರದಲ್ಲಿ ಸೇರಿದೆಯೇ ಎಂದು ಕೇಳಿರಿ.

ಇನ್ನು ಹಾಲು ಪರೀಕ್ಷಕರ ಕೆಲಸ ಬೇರೆಯೇ ಜಾತಿಯದು. ಬೆಳಗಿನ ಹೊತ್ತು ಒಂದು ಗಂಟೆಯೊಳಗೆ ನೂರಾರು ಮಂದಿಯ ಹಾಲು ಅಳೆದು, ಪರೀಕ್ಷಿಸಿ, ಚೀಟಿ ಕೊಟ್ಟು ಮುಗಿಸಬೇಕು. ಹಾಲಿನ ಲಾರಿ ಕಾಯುವುದಿಲ್ಲ. ಅವರು ಬರೀ ವೆಬ್ ಪುಟದ ಮೇಲೆ ನಂಬಿಕೆಯಿಟ್ಟು ಕುಳಿತರೆ, ಮೂವತ್ತನೆಯ ಸದಸ್ಯರ ಹಾಲು ಯಂತ್ರದಲ್ಲಿರುವಾಗ ಸಿಗ್ನಲ್ ಹೋಯಿತೆಂದರೆ ಇಡೀ ಸಾಲು ನಿಲ್ಲುತ್ತದೆ. ಕಾದ ಹಾಲು ಹುಳಿಯ ಕಡೆಗೆ ತಿರುಗುತ್ತದೆ. ಆದಕಾರಣ ಶೇಖರಣೆಯ ಮೇಜಿನ ಮೇಲೆ, ನೆಟ್‌ವರ್ಕ್ ಇರಲಿ ಬಿಡಲಿ, ಅಲ್ಲೇ ಬರೆದಿಟ್ಟುಕೊಂಡು ಅನಂತರ ಕಳುಹಿಸುವ ತಂತ್ರಾಂಶ ಬೇಕೇ ಬೇಕು. ಅದು ಕಂಪ್ಯೂಟರಿನಲ್ಲಿ ಅಳವಡಿಸಿದ್ದಾದರೂ ಸರಿ, ಮೊಬೈಲ್ ಆ್ಯಪ್ ಆದರೂ ಸರಿ.

ಎರಡನೆಯ ಕಾರಣ ಯಂತ್ರಗಳ ಸಂಪರ್ಕ. ತೂಕದ ಯಂತ್ರ ಮತ್ತು ಹಾಲು ಪರೀಕ್ಷಾ ಯಂತ್ರಗಳು ಕೇಬಲ್ ಅಥವಾ ಬ್ಲೂಟೂತ್ ಮೂಲಕ ಅಂಕಿಗಳನ್ನು ಕಳುಹಿಸುತ್ತವೆ. ಅಳವಡಿಸಿದ ತಂತ್ರಾಂಶ ಅವನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಬ್ರೌಸರುಗಳು ಸುರಕ್ಷತೆಯ ದೃಷ್ಟಿಯಿಂದ ವೆಬ್ ಪುಟಗಳಿಗೆ ಹೀಗೆ ಯಂತ್ರಗಳನ್ನು ಮುಟ್ಟಲು ಸುಲಭವಾಗಿ ಬಿಡುವುದಿಲ್ಲ. ಕ್ರೋಮ್ ಅನುಮತಿ ಕೇಳಿ ಕೆಲಮಟ್ಟಿಗೆ ಬಿಡುತ್ತದೆ, ಐಫೋನಿನ ಸಫಾರಿ ಬಿಡುವುದಿಲ್ಲ. ಸಂಪರ್ಕವಾಗದಿದ್ದರೆ ಯಂತ್ರ ನೋಡಿ ಕೈಯಲ್ಲಿ ಅಂಕಿ ಒತ್ತಬೇಕಾಗುತ್ತದೆ. ಯಂತ್ರದಲ್ಲಿ 3.8 ಇದ್ದದ್ದು ಚೀಟಿಯಲ್ಲಿ 3.5 ಆಯಿತೆಂಬ ಜಗಳಗಳು ಹುಟ್ಟುವುದು ಅಲ್ಲಿಯೇ.

ಅಲ್ಲೇ ಬರೆದಿಟ್ಟುಕೊಂಡು ಆಮೇಲೆ ಕಳುಹಿಸುವ ವ್ಯವಸ್ಥೆಗೂ ಒಂದು ಕುತ್ತಿದೆ. ಕಳುಹಿಸುತ್ತಿರುವಾಗ ಸಿಗ್ನಲ್ ಕಡಿದರೆ, ಹೋಯಿತೋ ಇಲ್ಲವೋ ತಿಳಿಯದೆ ತಂತ್ರಾಂಶ ಮತ್ತೊಮ್ಮೆ ಕಳುಹಿಸುತ್ತದೆ. ಒಬ್ಬರ ಹಾಲು ಎರಡು ಸಲ ಜಮೆಯಾಗುತ್ತದೆ. ದಿನಾಂಕ, ಹೊತ್ತು, ಕೋಡ್ ನಂಬರ್, ಚೀಟಿ ಸಂಖ್ಯೆ ಈ ನಾಲ್ಕೂ ಸೇರಿ ಒಂದು ನಮೂದಿಗೆ ಒಂದೇ ಗುರುತು ಇರಬೇಕು, ಅದೇ ಗುರುತು ಎರಡನೆಯ ಸಲ ಬಂದರೆ ಸರ್ವರ್ ತಿರಸ್ಕರಿಸಬೇಕು. ಅಲ್ಲದೆ ಕಳುಹಿಸುವ ಮೊದಲೇ ಫೋನು ನೀರಿಗೆ ಬಿದ್ದರೆ ಆ ಹೊತ್ತಿನ ಲೆಕ್ಕವೇ ಹೋಗುತ್ತದೆ. ಏನೇ ಬಂದರೂ ಚೀಟಿ ಮುದ್ರಿಸುವುದನ್ನು ನಿಲ್ಲಿಸಬೇಡಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹೀಗಾಗಿ ಹಾಲು ಸಂಘದ ಮಟ್ಟಿಗೆ ನನ್ನ ಅಭಿಪ್ರಾಯ ಇದು: ಶೇಖರಣಾ ಮೇಜಿಗೆ ಅಳವಡಿಸಿದ ತಂತ್ರಾಂಶ ಅಥವಾ ಆ್ಯಪ್ ಒಂದು, ಸದಸ್ಯರಿಗೆ ಸಂದೇಶ ಮತ್ತು ಒಂದು ಸರಳ ವೆಬ್ ಪುಟ. ಎಲ್ಲ ಸದಸ್ಯರಿಗೂ ಪ್ರತ್ಯೇಕ ಆ್ಯಪ್ ಮಾಡಿಸುವ ಅಗತ್ಯ ಬಹಳ ಸಂಘಗಳಿಗೆ ಇಲ್ಲ. ಮಾಡಿಸುವ ಮೊದಲು ಒಕ್ಕೂಟದಲ್ಲಿ ವಿಚಾರಿಸಿರಿ. ಒಂದೊಂದು ಸಂಘ ಒಂದೊಂದು ಬಗೆಯ ತಂತ್ರಾಂಶ ಹಾಕಿಸಿಕೊಂಡರೆ ಅವುಗಳ ಲೆಕ್ಕ ಒಕ್ಕೂಟದ ಲೆಕ್ಕಕ್ಕೆ ಕೂಡುವುದು ಕಷ್ಟ. ಸಹಕಾರ ಕ್ಷೇತ್ರಕ್ಕೆಂದೇ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹಾಲು ಶೇಖರಣೆಯ ತಂತ್ರಾಂಶವನ್ನು ರೂಪಿಸಿದೆ. ಇರುವುದನ್ನು ಬಿಟ್ಟು ಹೊಸದಾಗಿ ಬಾವಿ ತೋಡಬೇಕಾಗಿಲ್ಲ.

ಖರ್ಚು ಮೊದಲ ದಿನಕ್ಕೆ ಮುಗಿಯುವುದಿಲ್ಲ

ಹಸು ಕೊಂಡ ಬೆಲೆಗಿಂತ ಮೇವಿನ ಖರ್ಚು ದೊಡ್ಡದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಹಾಗೆಯೇ. ಆಂಡ್ರಾಯ್ಡ್ ಆ್ಯಪನ್ನು ಅಂಗಡಿಯಲ್ಲಿಡಲು ಗೂಗಲ್ ಒಮ್ಮೆ ಮಾತ್ರ 25 ಡಾಲರ್ ಪಡೆಯುತ್ತದೆ. ಆಪಲ್ ಸಾಮಾನ್ಯವಾಗಿ ಪ್ರತಿ ವರ್ಷವೂ 99 ಡಾಲರ್. ಇದು ಸಣ್ಣ ಬಾಬು. ದೊಡ್ಡದು ನಿರ್ವಹಣೆ. ಆಂಡ್ರಾಯ್ಡಿನ ಹೊಸ ಆವೃತ್ತಿಗಳು ಬರುತ್ತಿದ್ದಂತೆ ಆ್ಯಪನ್ನೂ ಅದಕ್ಕೆ ಹೊಂದಿಸುತ್ತಿರಬೇಕೆಂದು ಗೂಗಲ್ ನಿಯಮ ಮಾಡಿದೆ. ಹಲವು ವರ್ಷ ಹಾಗೆಯೇ ಬಿಟ್ಟ ಆ್ಯಪ್, ಹೊಸದಾಗಿ ಫೋನ್ ಕೊಂಡವರಿಗೆ ಅಂಗಡಿಯಲ್ಲಿ ಕಾಣಿಸದಂತಾಗುತ್ತದೆ. ಆಂಡ್ರಾಯ್ಡಿಗೂ ಐಫೋನಿಗೂ ಬೇರೆ ಬೇರೆ ಮಾಡಿಸಿದ್ದರೆ ಈ ಖರ್ಚು ಎರಡೆರಡು ಸಲ. ವೆಬ್ ಆ್ಯಪಿಗೆ ಹೆಸರಿನ ವಾರ್ಷಿಕ ಶುಲ್ಕ, ಸರ್ವರಿನ ಬಾಡಿಗೆ ಇದ್ದೇ ಇರುತ್ತದೆ. ಆದರೆ ಸರ್ವರಿನ ಬಾಡಿಗೆ ಆ್ಯಪಿಗೂ ತಪ್ಪಿದ್ದಲ್ಲ. ಆದ್ದರಿಂದ ದರಪತ್ರವನ್ನು 5 ವರ್ಷದ ಒಟ್ಟು ಖರ್ಚಿನ ಮೇಲೆ ಕೇಳಿರಿ.

ಆ್ಯಪಿನಲ್ಲಿ ವ್ಯಾಪಾರ ಮಾಡಿದರೆ ಗೂಗಲಿಗೆ ನೂರಕ್ಕೆ 15ರಿಂದ 30ರಷ್ಟು ಕಮಿಷನ್ ಕೊಡಬೇಕಂತೆ ಎಂಬ ಹೆದರಿಕೆಯೂ ಕೆಲವರಲ್ಲಿದೆ. ಅಂತಹ ಕಮಿಷನ್ ಫೋನಿನೊಳಗೇ ಬಳಸುವ ಆಟ, ಸಿನಿಮಾ ಮುಂತಾದ ಡಿಜಿಟಲ್ ಸರಕಿಗೆ ಸಂಬಂಧಿಸಿದ್ದು. ಹಾಲು, ತುಪ್ಪ, ಪಶು ಆಹಾರಕ್ಕೆ ಅದು ಅನ್ವಯಿಸುವುದಿಲ್ಲ.

ಬೀಗದ ಕೈ ಯಾರ ಹತ್ತಿರ?

ಪ್ಲೇ ಸ್ಟೋರ್ ಖಾತೆ, ಜಾಲತಾಣದ ಹೆಸರು, ಸರ್ವರಿನ ಖಾತೆ ಈ ಮೂರೂ ಸಂಘದ ಹೆಸರಿನಲ್ಲೇ ಇರಬೇಕು. ಮಾಡಿಕೊಟ್ಟವರ ಸ್ವಂತ ಹೆಸರಿನಲ್ಲಿದ್ದರೆ, ನಾಳೆ ಅವರೊಂದಿಗೆ ಮನಸ್ತಾಪವಾದ ದಿನ ಸಂಘದ ಲೆಕ್ಕಕ್ಕೆ ಸಂಘವೇ ಹೊರಗಿನದಾಗುತ್ತದೆ. ಪ್ರತಿ ತಿಂಗಳೂ ಎಲ್ಲ ಲೆಕ್ಕದ ಒಂದು ನಕಲನ್ನು ಎಕ್ಸೆಲ್ ರೂಪದಲ್ಲಿ ಸಂಘದ ಕಂಪ್ಯೂಟರಿಗೆ ಇಳಿಸಿಕೊಡಬೇಕೆಂದು ಕರಾರು ಮಾಡಿಕೊಳ್ಳಿರಿ. ಸದಸ್ಯರ ಬ್ಯಾಂಕ್ ಖಾತೆ, ಫೋನ್ ಸಂಖ್ಯೆ ಇದರಲ್ಲಿ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂತಹ ಮಾಹಿತಿಯ ಕುರಿತಾದದ್ದೇ. ಬರೀ ಕೋಡ್ ನಂಬರ್ ಒತ್ತಿದರೆ ಯಾರದೇ ಲೆಕ್ಕ ತೆರೆದುಕೊಳ್ಳುವಂತಿರಬಾರದು. ನೋಂದಾಯಿತ ಫೋನಿಗೆ ಓ.ಟಿ.ಪಿ. ಬಂದ ಮೇಲೆಯೇ ತೆರೆಯಬೇಕು.

ಇನ್ನೊಂದು ಅಪಾಯಕಾರಿ ಅಭ್ಯಾಸವಿದೆ. ಪ್ಲೇ ಸ್ಟೋರ್‌ನಲ್ಲಿಡುವ ತೊಂದರೆ ಬೇಡವೆಂದು ಆ್ಯಪಿನ ಕಡತವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚುತ್ತಾರೆ. ಇದಕ್ಕೆ ಎ.ಪಿ.ಕೆ. ಕಡತ ಎನ್ನುತ್ತಾರೆ. ಸರ್ಕಾರದ ಯೋಜನೆಗಳ ಹೆಸರಿನಲ್ಲಿ ಇಂತಹದೇ ಕಡತ ಕಳುಹಿಸಿ ರೈತರ ಬ್ಯಾಂಕ್ ಖಾತೆ ಬರಿದು ಮಾಡುವ ವಂಚಕರಿದ್ದಾರೆ. ಸಂಘವೇ ಒಮ್ಮೆ ಹೀಗೆ ಹಂಚಿದರೆ, ಮುಂದೆ ವಂಚಕರು ಸಂಘದ ಹೆಸರು ಹಾಕಿ ಕಳುಹಿಸಿದ್ದನ್ನೂ ಸದಸ್ಯರು ಒತ್ತುತ್ತಾರೆ. ಹಂಚಲೇಬೇಡಿರಿ, ಬಂದರೆ ಒತ್ತಲೇಬೇಡಿರಿ.

ಸದಸ್ಯರಲ್ಲಿ ಎರೆಹುಳು ಗೊಬ್ಬರ, ನೇಪಿಯರ್ ಕಡ್ಡಿ, ಖೋವಾ ಮಾರುವವರು ತಮಗೂ ಆ್ಯಪ್ ಬೇಕೇ ಎಂದು ಕೇಳುತ್ತಾರೆ. ನಿಮ್ಮಲ್ಲಿಗೆ ಬರುವವರು ವರ್ಷಕ್ಕೆ ಒಂದೆರಡು ಸಲದ ಗಿರಾಕಿಗಳು. ಚಿತ್ರ, ಬೆಲೆ, ಫೋನ್ ನಂಬರ್, ಊರಿನ ದಾರಿ ಇರುವ ಒಂದು ವೆಬ್ ಪುಟ, ಹಣಕ್ಕೆ ಯು.ಪಿ.ಐ. ಕೋಡ್ ಸಾಕು. ಪಟ್ಟಣದಲ್ಲಿ ನಿತ್ಯ ಮನೆ ಮನೆಗೆ ಏನನ್ನಾದರೂ ತಲುಪಿಸುವವರು, ಗಿರಾಕಿಗಳು ದಿನವೂ "ನಾಳೆ ಬೇಡ", "ನಾಡಿದ್ದು ಎರಡು" ಎಂದು ಬದಲಿಸುತ್ತಿದ್ದರೆ, ಆಗ ಆ್ಯಪಿನ ಮಾತು ಯೋಚಿಸಬಹುದು.

ಕರಾರಿಗೆ ಸಹಿ ಹಾಕುವ ಮೊದಲು ದರಪತ್ರ ತಂದವರನ್ನು ಬೆಳಗಿನ ಹಾಲಿನ ಹೊತ್ತಿಗೆ ಡೈರಿಗೇ ಕರೆಯಿರಿ. ಅವರ ಹೊಸ ಫೋನಿನಲ್ಲಿ ಬೇಡ, ಸಾಲಿನಲ್ಲಿ ನಿಂತ ಯಾರಾದರೊಬ್ಬರ ನಾಲ್ಕೈದು ವರ್ಷ ಹಳೆಯ ಫೋನಿನಲ್ಲಿ ತೆರೆದು ತೋರಿಸಲಿ. ಹತ್ತು ಜನರ ಹಾಲು ಆದ ಮೇಲೆ ನೆಟ್‌ವರ್ಕನ್ನು ನೀವೇ ನಿಲ್ಲಿಸಿ, ಇನ್ನು ಹತ್ತು ಜನರದು ಅಳೆಯಿರಿ. ಮತ್ತೆ ಚಾಲೂ ಮಾಡಿ, ಇಪ್ಪತ್ತೂ ನಮೂದುಗಳು ಒಂದೊಂದೇ ಸಲ ಸರ್ವರಿಗೆ ಹೋಗಿವೆಯೇ ನೋಡಿರಿ. ಅನಂತರ ದರಪಟ್ಟಿಯಲ್ಲಿ ಒಂದು ಅಂಕಿ ಬದಲಿಸಲು ಹೇಳಿ, ಹಳೆಯ ಫೋನಿನಲ್ಲೂ ಹೊಸ ಮೊಬಲಗು ಬರುತ್ತದೆಯೇ ಪರೀಕ್ಷಿಸಿರಿ. ಹದಿನೈದು ದಿನ ಪರದೆಯ ಲೆಕ್ಕವನ್ನೂ ಚೀಟಿಗಳನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿ, ಒಂದು ಬಟವಾಡೆ ಸರಿಯಾಗಿ ಹೊಂದಿದ ಮೇಲೆ ಮೊದಲ ಕಂತಿನ ಚೆಕ್ಕು ಬರೆಯಬಹುದು.